ಕಬ್ಬಿಣ ನೋಡುವ ಶಾಸ್ತ್ರ

"ಶಲ್ಯ ಬಿಡಿ! ಶಲ್ಯ ಬಿಡಿ ಅಂದ್ನಲ್ಲ ಮಾರಾಯ್ರೇ, ಕೈ ಹೋಗತ್ತೆ!" ಎಂದು ಓಬಯ್ಯ ಕೂಗುವಷ್ಟರಲ್ಲಿ ಮೇಲಿನ ಅಚ್ಚು ಕೆಳಗಿಳಿದಾಗಿತ್ತು.

ಗಂಗಾಧರಪ್ಪ ಶಲ್ಯ ಬಿಟ್ಟರು. ಯಂತ್ರ ಬುಸ್ಸೆಂದು ಹಬೆ ಬಿಟ್ಟಿತು. ಅಚ್ಚು ಮೇಲೆದ್ದಾಗ ಅಡಿಕೆ ಹಾಳೆಯ ತಟ್ಟೆಗೆ ಅಂಟಿಕೊಂಡು ಜರಿ ಅಂಚಿನ ಇನ್ನೊಂದು ತಟ್ಟೆಯೂ ಹೊರಬಂತು. ಸಪಾಟಾದ ತಳ, ನೆರಿಗೆ ಬಿದ್ದ ಅಂಚು, ಸುತ್ತಲೂ ಹದವಾಗಿ ಸುಟ್ಟ ಕಂದು ಬಣ್ಣ. ಮಾಚೇನಹಳ್ಳಿಯ ಓಬಯ್ಯನ ಶೆಡ್ಡಿನಲ್ಲಿ ಬಟ್ಟೆಯಿಂದ ಊಟದ ತಟ್ಟೆ ತಯಾರಾದದ್ದು ಅದೇ ಮೊದಲು.

"ದಾಕ್ಷಾಯಣಿ, ಬಾ ಇಲ್ಲಿ! ಹೆಂಗೆ ಬಂದಿದೆ ನೋಡು!" ಎಂದು ಗಂಗಾಧರಪ್ಪ ಹಬ್ಬದ ಸಂಭ್ರಮದಲ್ಲಿ ಕರೆದರು.

ಅವರ ಹೆಂಡತಿ ಆಫೀಸು ಕೋಣೆಯಲ್ಲಿ ಓಬಯ್ಯನ ಮನೆಯವರು ಕೊಟ್ಟ ಕಾಫಿ ಕುಡಿಯುತ್ತಿದ್ದರು. ಕಿಟಕಿಯಿಂದ ಒಮ್ಮೆ ನೋಡಿ, "ಅದು ನಿಮ್ಮ ಮಗಳು ತನುಜಾ ಮೊದಲನೇ ಸಂಬಳದಲ್ಲಿ ತಂದ ಶಲ್ಯ ರೀ" ಎಂದಷ್ಟೇ ಹೇಳಿ ಲೋಟ ಎತ್ತಿಕೊಂಡರು.

ಗಂಗಾಧರಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇಡೀ ಸೇವಾವಧಿಯಲ್ಲಿ ಅವರ ಮೇಜಿಗೆ ಬಂದದ್ದೆಲ್ಲ ಕಾಗದವಾಗಿ ಬಂದು ಕಾಗದವಾಗಿಯೇ ಹೋಗಿತ್ತು. ನಡುವೆ ಯಾವ ವಸ್ತುವೂ ತಯಾರಾಗಿರಲಿಲ್ಲ. ಆ ಕೊರತೆಯನ್ನು ಅವರು ಈಗ ತುಂಬಿಕೊಳ್ಳುತ್ತಿದ್ದರು. ಶಾವಿಗೆ, ಊದುಬತ್ತಿ, ಸಿಮೆಂಟ್ ಇಟ್ಟಿಗೆ, ಪ್ಲಾಸ್ಟಿಕ್ ಕೊಡ, ಯಾವುದಾದರೂ ಸರಿ. ಒಂದು ಕಡೆಯಿಂದ ಏನೋ ಹೋಗಿ ಇನ್ನೊಂದು ಕಡೆಯಿಂದ ಬೇರೇನೋ ಬರುವುದನ್ನು ನೋಡಿದರೆ ಅವರಿಗೆ ಆ ರಾತ್ರಿ ಒಳ್ಳೆಯ ನಿದ್ದೆ. ಹೀಗೆ ಕಾರ್ಖಾನೆ ನೋಡಲು ಹೋಗುವ ದಿನಗಳಲ್ಲಿ ಇಸ್ತ್ರಿ ಪಂಚೆಯುಟ್ಟು, ವಿಭೂತಿ ಧರಿಸಿ, ಶಲ್ಯ ಹೊದ್ದು, ದಾಕ್ಷಾಯಣಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಿದ್ಯಾನಗರದಿಂದ ಹೊರಡುತ್ತಿದ್ದರು. ಕಾರ್ಖಾನೆಗೆ ತಲೆ ಬಾಚಿಕೊಂಡು ಒಗೆದ ಬಟ್ಟೆಯಲ್ಲಿ ಹೋಗಬೇಕೆಂದು ಪ್ರೈಮರಿ ಶಾಲೆಯ ಮೇಷ್ಟರು ಹೇಳಿಕೊಟ್ಟಿದ್ದರು. ಗಂಡಸು ಒಬ್ಬನೇ ಬಂದರೆ ವಾಚ್‌ಮನ್ ಗೇಟು ಹಾಕುತ್ತಾನೆ, ಹೆಂಡತಿ ಜೊತೆಗಿದ್ದರೆ ಕುರ್ಚಿ ಹಾಕುತ್ತಾನೆ ಎಂಬುದನ್ನು ಅವರೇ ಕಂಡುಹಿಡಿದಿದ್ದರು.

ಅವರ ಹುಡುಗತನದಲ್ಲಿ ಗೇಟಿನ ಚಿಂತೆಯೇ ಇರಲಿಲ್ಲ. ಶಾಲೆಯವರು ಮಕ್ಕಳನ್ನು ಲಾರಿಯಲ್ಲಿ ತುಂಬಿಕೊಂಡು ಭದ್ರಾವತಿಗೆ ಹೊರಟರೆ ಕಾರ್ಖಾನೆಗಳು ಕಾದು ನಿಂತ ಅಜ್ಜಿಯರ ಹಾಗೆ ಏನಾದರೂ ಕೈಗೆ ಹಾಕಿ ಕಳಿಸುತ್ತಿದ್ದವು. ಸಕ್ಕರೆ ಮಾಡುವಲ್ಲಿ ಅಂಗೈ ತುಂಬ ಬಿಸಿ ಸಕ್ಕರೆ. ಕಾಗದ ಮಾಡುವಲ್ಲಿ ಇನ್ನೂ ಬೆಚ್ಚಗಿರುವ ಒಂದು ಹಾಳೆ; ಅದರ ಮೇಲೆ ಬರೆಯುವಷ್ಟು ದೊಡ್ಡ ವಿಷಯ ಯಾವುದೂ ಹೊಳೆಯದೆ ಗಂಗಾಧರಪ್ಪ ಅದನ್ನು ವರ್ಷಗಟ್ಟಲೆ ಖಾಲಿ ಇಟ್ಟುಕೊಂಡಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ಮಾತ್ರ ಏನೂ ಕೊಡುತ್ತಿರಲಿಲ್ಲ. ಅಲ್ಲಿ ಕಬ್ಬಿಣ ನೀರಾಗಿ ಹರಿಯುವುದನ್ನು ತೋರಿಸುತ್ತಿದ್ದರು. ಅದಾದಮೇಲೆ ಸಕ್ಕರೆ ನೆನಪಿರುತ್ತಿರಲಿಲ್ಲ.

ಆ ಕುಲುಮೆ ಈಗ ಉರಿಯುತ್ತಿಲ್ಲ. ಆದ್ದರಿಂದ ಓಬಯ್ಯ ತಟ್ಟೆಯಿಂದ ಶಲ್ಯ ಬಿಡಿಸುತ್ತ, "ನಮ್ಮ ಪಕ್ಕದ್ದು ವಿಶ್ವಾರಾಧ್ಯರ ಫೌಂಡ್ರಿ. ಕಬ್ಬಿಣ ಕರಗಿಸಿ ಎರಕ ಹೊಯ್ತಾರೆ" ಎಂದಾಗ ಗಂಗಾಧರಪ್ಪ ಶಲ್ಯವನ್ನೇ ಮರೆತರು.

"ಒಳಗೆ ಬಿಡ್ತಾರಾ?"

"ಹೊರಗಿನೋರನ್ನ ಬಿಡಲ್ಲ," ಎಂದು ಓಬಯ್ಯ ಕಣ್ಣು ಕಿರಿದು ಮಾಡಿ ನಕ್ಕ. "ನಿಮ್ಮನ್ನ ಬಿಡ್ತಾರೆ. ನಾನು ಹೇಳ್ತೀನಿ."

ಇಲ್ಲಿ ಓಬಯ್ಯನ ತಪ್ಪಿಲ್ಲ. ನಮ್ಮ ಕಡೆ ಗಂಡು ನೋಡುವುದಕ್ಕೆ ಒಂದು ಮರ್ಯಾದೆ ಇದೆ. ಹೆಣ್ಣಿನ ಕಡೆಯವರು ಮಾತು ಎತ್ತುವ ಮೊದಲು, ಗಂಡ ಹೆಂಡತಿ ಇಬ್ಬರೇ, ಶುಭ್ರ ಬಟ್ಟೆಯಲ್ಲಿ, ಏನೋ ನೆಪ ಹೇಳಿಕೊಂಡು ಹುಡುಗನ ಮನೆಗೋ ಅಂಗಡಿಗೋ ಒಂದು ಸುತ್ತು ಹೋಗಿ ಬರುತ್ತಾರೆ. ಸುಮ್ಮನೆ ಈ ಕಡೆ ಬಂದಿದ್ದೆವು ಎನ್ನುತ್ತಾರೆ. ಜಾಗ ಸ್ವಂತದ್ದೇ, ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಊಟಕ್ಕೆ ಕರೆದರೆ ಕೂರುವುದಿಲ್ಲ. ಹುಡುಗನ ಕಡೆಯವರಿಗೆ ಎಲ್ಲ ಗೊತ್ತಿರುತ್ತದೆ. ಆದರೂ ಗೊತ್ತಿಲ್ಲದವರಂತೆ ಇರಬೇಕು. ಗಂಗಾಧರಪ್ಪ ಇಸ್ತ್ರಿ ಪಂಚೆಯಲ್ಲಿ ಬಂದು ಇದೆಲ್ಲವನ್ನೂ ಚಾಚೂ ತಪ್ಪದೆ ಮಾಡಿದ್ದರು. ಓಬಯ್ಯನ ಮಕ್ಕಳಿಗೆಲ್ಲ ಮದುವೆಯಾಗಿತ್ತು. ಹಾಗಾದರೆ ಇವರು ಬಂದಿರುವುದು ಪಕ್ಕದ ಶೆಡ್ಡಿನ ಹುಡುಗನಿಗೇ ಎಂದು ಅವನು ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು.

ಫೌಂಡ್ರಿಯ ಗೇಟು ಇವರು ಕರೆಯುವ ಮೊದಲೇ ತೆರೆಯಿತು.

ವಿಶ್ವಾರಾಧ್ಯ ಕೈಮುಗಿದು ನಿಂತಿದ್ದರು. ಅವರ ಹೆಂಡತಿ ಸರ್ವಮಂಗಳ ಹೊಸ ಸೀರೆಯ ನೆರಿಗೆ ಇನ್ನೂ ಸರಿಮಾಡಿಕೊಳ್ಳುತ್ತಿದ್ದರು. ಮಗ ಜ್ಞಾನೇಶ್ ಮುಖ ತೊಳೆದುಕೊಂಡಿದ್ದ; ಕಿವಿಯ ಹಿಂದೆ ಮಾತ್ರ ಕಪ್ಪು ಮರಳು ಉಳಿದಿತ್ತು.

"ನಾವು ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದ್ವಿ" ಎಂದರು ಗಂಗಾಧರಪ್ಪ.

"ಗೊತ್ತಾಯ್ತು, ಗೊತ್ತಾಯ್ತು," ಎಂದರು ವಿಶ್ವಾರಾಧ್ಯ. "ನಮಗೇನೂ ಗೊತ್ತಿಲ್ಲ ಅಂತಾನೇ ಇಟ್ಕೊಳ್ಳಿ."

ಸರ್ವಮಂಗಳ ದಾಕ್ಷಾಯಣಿಯ ಕೈ ಹಿಡಿದು, "ಬನ್ನಿ ಅಕ್ಕ, ಒಳಗೆಲ್ಲ ಧೂಳು. ನಾವು ಕಾಫಿ ಕುಡಿಯೋಣ" ಎಂದು ಆಫೀಸು ಕೋಣೆಗೆ ಕರೆದೊಯ್ದರು. ದಾಕ್ಷಾಯಣಿ ಒಮ್ಮೆ ಹಿಂತಿರುಗಿ ಶೆಡ್ಡಿನ ಕಡೆ ನೋಡಿದರು. ಯಾರೂ ಅದನ್ನು ಗಮನಿಸಲಿಲ್ಲ.

ಗಂಗಾಧರಪ್ಪನವರನ್ನು ತಂದೆ ಮಗ ಇಬ್ಬರೂ ಮಧ್ಯದಲ್ಲಿ ಇಟ್ಟುಕೊಂಡು ಮೆರವಣಿಗೆ ಹೊರಡಿಸಿದರು. ಮರಳು ಜರಡಿ ಹಿಡಿಯುವುದನ್ನು ತೋರಿಸಿದರು. ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ಎತ್ತಿದರೆ ಟ್ರ್ಯಾಕ್ಟರಿನ ಬ್ರೇಕ್ ಡ್ರಮ್ಮಿನ ಆಕಾರದ ಗುಳಿ ಉಳಿಯಿತು. ಗಂಗಾಧರಪ್ಪ ಮಂಡಿಯೂರಿ ಆ ಗುಳಿಯನ್ನು ತೊಟ್ಟಿಲಿನ ಮಗುವನ್ನು ನೋಡುವಂತೆ ನೋಡಿದರು.

"ಒಡಕು ಬಂದ್ರೆ ಏನ್ಮಾಡ್ತೀರಿ?" ಎಂದು ಕೇಳಿದರು.

ವಿಶ್ವಾರಾಧ್ಯ ಗಂಭೀರರಾದರು. "ನಮ್ಮಲ್ಲಿ ಒಡಕು ಅನ್ನೋ ಮಾತೇ ಇಲ್ಲ. ಅಣ್ಣತಮ್ಮಂದಿರು ಎಲ್ಲ ಒಂದೇ ಕಾಂಪೌಂಡಲ್ಲಿ ಇದೀವಿ."

"ಇಷ್ಟು ಬಿಸಿ ತಡ್ಕೊಳ್ಳತ್ತಾ?"

"ಹುಡುಗ ತುಂಬಾ ಶಾಂತ. ಬೇಕಾದ್ರೆ ಓಬಯ್ಯನ್ನ ಕೇಳಿ."

ಗಂಗಾಧರಪ್ಪನವರಿಗೆ ಉತ್ತರಗಳು ಕೊಂಚ ಆಚೀಚೆ ಅನ್ನಿಸಿದವು. ದೊಡ್ಡ ಕಾರ್ಖಾನೆಯ ಮಾಲೀಕರಿಗೆ ಯೋಚನೆ ಹತ್ತು ಕಡೆ ಇರುತ್ತದೆ ಎಂದು ಕ್ಷಮಿಸಿದರು. ಆದರೆ ಕುಲುಮೆ ತಣ್ಣಗಿತ್ತು. "ಎರಕ ಹೊಯ್ಯೋದು ಶುಕ್ರವಾರ," ಎಂದರು ವಿಶ್ವಾರಾಧ್ಯ. "ಅವತ್ತು ಎಲ್ರೂ ಬನ್ನಿ. ಅಷ್ಟರಲ್ಲಿ ನಾವೂ ಒಂದ್ಸಲ ನಿಮ್ಮ ಮನೆ ಕಡೆ ಬಂದು ಹೋಗ್ತೀವಿ. ಸುಮ್ನೆ."

"ಧಾರಾಳವಾಗಿ ಬನ್ನಿ!" ಎಂದರು ಗಂಗಾಧರಪ್ಪ. ಹೊರಡುವಾಗ ಆಫೀಸು ಕೋಣೆಯಿಂದ ಬಂದ ಸರ್ವಮಂಗಳ ಊಟಕ್ಕೆ ಕರೆದರೆ, ಹೊಟ್ಟೆಯುಬ್ಬರ, ಬೇಡ ಎಂದರು. ವಿಶ್ವಾರಾಧ್ಯ ಹೆಂಡತಿಯ ಮುಖ ನೋಡಿ, ಖಚಿತವಾಯಿತು ಎಂಬಂತೆ ತಲೆಯಾಡಿಸಿದರು.

ವಾಪಸು ಬರುವಾಗ ಸ್ಕೂಟರಿನ ಹಿಂದೆ ದಾಕ್ಷಾಯಣಿ ಫೌಂಡ್ರಿಯ ಕಡೆಗೇ ಕತ್ತು ತಿರುಗಿಸಿ ಕುಳಿತಿದ್ದರು. ಅವರ ಮನೆಯಲ್ಲಿ ಕಬ್ಬಿಣ ಎಂಬುದು ನಾಜೂಕಾದ ವಿಷಯ. ದಾಕ್ಷಾಯಣಿ ಹುಟ್ಟಿದ್ದು ಭದ್ರಾವತಿಯ ನ್ಯೂ ಟೌನಿನಲ್ಲಿ. ಅವರ ತಂದೆ ಕಲ್ಲಪ್ಪ ಕುಲುಮೆಯ ವಿಭಾಗದಲ್ಲಿದ್ದವರು. ಹೆಣ್ಣು ನೋಡಲು ಗಂಗಾಧರಪ್ಪ ನ್ಯೂ ಟೌನಿಗೆ ಬಂದ ದಿನ, ಉಪ್ಪಿಟ್ಟು ಆಗುವವರೆಗೆ ಹೊತ್ತು ಹೋಗಲಿ ಎಂದು ಕಲ್ಲಪ್ಪ ಈ ಹುಡುಗನನ್ನು ಕಾರ್ಖಾನೆಗೆ ಕರೆದೊಯ್ದಿದ್ದರು. ಹೋದವರು ಉಪ್ಪಿಟ್ಟು ಆರಿ, ಮತ್ತೆ ಬಿಸಿಯಾಗಿ, ಮತ್ತೆ ಆರಿದ ಮೇಲೆ ಬಂದರು. ಗಂಗಾಧರಪ್ಪನವರ ಹುಬ್ಬು ಸೀದಿತ್ತು, ಕಣ್ಣು ಮಿಂಚುತ್ತಿತ್ತು. ದಾಕ್ಷಾಯಣಿ ಕಾಫಿ ತಟ್ಟೆ ಹಿಡಿದು ಹೊರಗೆ ಬರುವ ಮೊದಲೇ ಅವರು, "ನನಗೆ ಪೂರ್ತಿ ಒಪ್ಪಿಗೆ" ಎಂದುಬಿಟ್ಟಿದ್ದರು. ಒಪ್ಪಿದ್ದು ಯಾವುದನ್ನು ಎಂಬುದು ಇಷ್ಟು ವರ್ಷವಾದರೂ ಇತ್ಯರ್ಥವಾಗಿಲ್ಲ.

ಬುಧವಾರ ಸಂಜೆ ವಿಶ್ವಾರಾಧ್ಯರ ಕಾರು ವಿದ್ಯಾನಗರದ ರಸ್ತೆಯಲ್ಲಿ ನಿಂತಿತು. ತಂದೆ, ತಾಯಿ, ಮಗ, ಮತ್ತು ತರೀಕೆರೆಯಿಂದ ಕರೆಸಿದ ಸರ್ವಮಂಗಳ ಅವರ ತವರಿನ ಅತ್ತಿಗೆ ಇಳಿದರು. ಅತ್ತಿಗೆಯ ಕೈಯಲ್ಲಿ ಹಣ್ಣಿನ ಬುಟ್ಟಿ.

ತಾವು ಅವರ ಕಾರ್ಖಾನೆ ನೋಡಿದ್ದರಿಂದ ಅವರಿಗೂ ಏನಾದರೂ ತಯಾರಾಗುವುದನ್ನು ತೋರಿಸಬೇಕು ಎಂಬುದು ಗಂಗಾಧರಪ್ಪನವರ ನಿಲುವು. ಮನೆಯಲ್ಲಿ ತಯಾರಾಗುತ್ತಿದ್ದದ್ದು ಸಂಡಿಗೆ ಒಂದೇ. ಎಲ್ಲರನ್ನೂ ತಾರಸಿಗೆ ಹತ್ತಿಸಿದರು.

"ಇದು ಕಚ್ಚಾ ಮಾಲು," ಎಂದು ಅಕ್ಕಿ ಹಿಟ್ಟಿನ ಪಾತ್ರೆ ತೋರಿಸಿದರು. "ಇಲ್ಲಿ ತುಂಬೋದು. ಇಲ್ಲಿ ಒತ್ತೋದು. ಒಣಗೋದು ಪೂರ್ತಿ ಸೌರಶಕ್ತಿ."

"ಯಾರು ಮಾಡೋದು?" ಎಂದು ತರೀಕೆರೆ ಅತ್ತಿಗೆ ಕೇಳಿದರು.

"ತಾಯಿ ಮಗಳು ಇಬ್ರೂ."

"ಮಗಳೂ ಮಾಡ್ತಾಳಾ!" ಅತ್ತಿಗೆ ಒಂದು ಸಂಡಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಕಾಲೇಜಲ್ಲಿ ಪಾಠ ಮಾಡೋ ಹುಡುಗಿ ಇಷ್ಟು ತೆಳ್ಳಗೆ ಒತ್ತಿದಾಳೆ ಅಂದ್ರೆ ತಾಳ್ಮೆ ಇದೆ."

ಪಕ್ಕದ ತಾರಸಿಯಲ್ಲಿ ಪಂಚೆ ಒಣಹಾಕುತ್ತಿದ್ದ ನಿವೃತ್ತ ಸಂಸ್ಕೃತ ಮೇಷ್ಟರು ಯಜ್ಞನಾರಾಯಣ ಕಾರು, ಬುಟ್ಟಿ, ಅತ್ತಿಗೆ, ಸಂಡಿಗೆ ನಾಲ್ಕನ್ನೂ ಕ್ರಮವಾಗಿ ನೋಡಿ, "ಗಂಗಾಧರಪ್ಪನವರೇ, ಮಾಘದಲ್ಲಿ ಒಳ್ಳೊಳ್ಳೆ ಲಗ್ನಗಳಿವೆ. ಛತ್ರ ಮಾತ್ರ ಈಗ್ಲೇ ಹೇಳಿಡಿ" ಎಂದರು.

"ಯಾರದು ಮದುವೆ?" ಎಂದರು ಗಂಗಾಧರಪ್ಪ.

ವಿಶ್ವಾರಾಧ್ಯ ಹೊಟ್ಟೆ ಹಿಡಿದು ನಕ್ಕರು. "ಎಷ್ಟು ಚೆನ್ನಾಗಿ ಆಡ್ತೀರಿ ನೀವು!"

ಅಷ್ಟರಲ್ಲಿ ತನುಜಾ ಕಾಲೇಜಿನಿಂದ ಬಂದು ಮೆಟ್ಟಿಲು ಹತ್ತಿದಳು. ಸರ್ವಮಂಗಳ ಮುಂದೆ ಬಂದು ಅವಳ ಜಡೆಗೆ ಮಲ್ಲಿಗೆ ಸಿಕ್ಕಿಸಿದರು. "ಇದೇನಪ್ಪಾಜಿ?" ಎಂದಳು.

"ಫೌಂಡ್ರಿಯವರಮ್ಮ. ಸಂಡಿಗೆ ಮಾಡೋದು ನೋಡೋಕೆ ಬಂದಿದಾರೆ."

ತನುಜಾ ಹಣ್ಣಿನ ಬುಟ್ಟಿ ನೋಡಿದಳು. ಸಂಡಿಗೆಯನ್ನು ಬಹಳ ಆಳವಾಗಿ ಅಧ್ಯಯನ ಮಾಡುತ್ತಿದ್ದ ಜ್ಞಾನೇಶನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಆ ಬೀದಿಯಲ್ಲಿ ತಿಳಿಯದೆ ಉಳಿದವರು ಒಬ್ಬರೇ.

ಅತಿಥಿಗಳು ಹೊರಟರು. ಕಾರು ಹತ್ತುತ್ತ ವಿಶ್ವಾರಾಧ್ಯ, "ಶುಕ್ರವಾರ ನಿಮ್ಮೆದುರಿಗೇ ಎರಕ ಹೊಯ್ಸೋಣ. ಆಮೇಲೆ ತಾಂಬೂಲ" ಎಂದರು. ಗಂಗಾಧರಪ್ಪ, "ಆಗ್ಲಿ, ಆಗ್ಲಿ!" ಎಂದು ಕೈ ಬೀಸಿದರು.

"ತಾಂಬೂಲ ಅಂದ್ರೆ ಏನಂತ ಗೊತ್ತಾ ಅಪ್ಪಾಜಿ?" ತನುಜಾ ಮಲ್ಲಿಗೆ ಕಿತ್ತು ಟೀಪಾಯಿಯ ಮೇಲಿಟ್ಟಳು. "ಅವರು ಬಂದಿದ್ದು ನನ್ನ ನೋಡೋಕೆ. ನೀವು ಹೋಗಿದ್ದು ಅವರ ಮಗನ್ನ ನೋಡೋಕೆ. ಹಂಗಂತ ಅವರು ತಿಳ್ಕೊಂಡಿದಾರೆ."

ಗಂಗಾಧರಪ್ಪ ಕುಳಿತರು. ಒಡಕು, ಶಾಂತ ಸ್ವಭಾವ, ಒಂದೇ ಕಾಂಪೌಂಡು ಎಲ್ಲವೂ ಒಂದೊಂದಾಗಿ ಅವರ ತಲೆಯೊಳಗೆ ತಂತಮ್ಮ ಜಾಗಕ್ಕೆ ಹೋಗಿ ಕೂತವು.

"ಈಗ್ಲೇ ಫೋನ್ ಮಾಡಿ ಹೇಳಿ. ನನಗೆ ಮದುವೆ ಬೇಕು ಅನ್ಸಿದಾಗ ನಾನೇ ಹೇಳ್ತೀನಿ."

"ಹೇಳೋಣಮ್ಮ. ಖಂಡಿತ ಹೇಳೋಣ." ಅವರು ಪಂಚೆಯ ಅಂಚು ಹಿಡಿದು ತಿರುಚಿದರು. "ಶುಕ್ರವಾರ ಎರಕ ಮುಗೀಲಿ. ಒಂದು ಗಂಟೆ ತಡ ಆದ್ರೆ ಏನಾಗತ್ತೆ?"

"ಒಂದ್ಸಲ ಕುಲುಮೆ ನೋಡಿ ಹೆಂಡತಿನ ಒಪ್ಕೊಂಡ್ರಿ," ಎಂದು ಅಡುಗೆಮನೆಯ ಬಾಗಿಲಿನಿಂದ ದಾಕ್ಷಾಯಣಿಯ ದನಿ ಬಂತು. "ಈ ಸಲ ಕುಲುಮೆ ನೋಡೋಕೆ ಮಗಳನ್ನೇ ಕೊಟ್ಬಿಡ್ತೀರಾ?"

"ಅದೇನು ಮಾತು ಮಾರಾಯ್ತಿ! ಬರೀ ನೋಡೋದು..."

"ನೋಡೋದು!" ದಾಕ್ಷಾಯಣಿ ಹೊರಗೆ ಬಂದರು. "ಶಾವಿಗೆ ಫ್ಯಾಕ್ಟರೀಲಿ ನೀವು ಶಾವಿಗೆ ನೋಡಿದ್ರಿ. ನಾನು ಆಫೀಸ್ ರೂಮಲ್ಲಿ ಕಾಫಿ ಕುಡಿದೆ. ಊದುಬತ್ತಿ ಮಾಡೋ ಕಡೆ ಕಾಫಿ. ಇಟ್ಟಿಗೆ ಮಾಡೋ ಕಡೆ ಕಾಫಿ, ಅದೂ ಧೂಳು ಬಿದ್ದಿದ್ದು. ನನಗೆ ಈ ಜಿಲ್ಲೆಯ ಎಲ್ಲಾ ಆಫೀಸ್ ರೂಮಿನ ಕ್ಯಾಲೆಂಡರ್ ಗೊತ್ತು."

ತನುಜಾ ನಗಲು ಹೊರಟವಳು ತಾಯಿಯ ಮುಖ ನೋಡಿ ಟೀಪಾಯಿಯ ಮಲ್ಲಿಗೆಯನ್ನು ಪಕ್ಕಕ್ಕೆ ಸರಿಸಿದಳು.

"ಚಿಕ್ಕೋಳಿದ್ದಾಗ ಭದ್ರಾವತೀಲಿ ಕುಲುಮೆಯಿಂದ ಕರಗಿದ ಕಿಟ್ಟ ಸುರಿದ್ರೆ ನಮ್ಮನೆ ಗೋಡೆ ಕೆಂಪಾಗೋದು. ಆಕಾಶ ಕೆಂಪಾಗೋದು. ಅಪ್ಪಾ, ಅದು ಎಲ್ಲಿಂದ ಬರತ್ತೆ, ತೋರ್ಸು ಅಂತ ಎಷ್ಟು ಕೇಳಿದೀನಿ. ಹೆಣ್ಮಕ್ಕಳು ಅಲ್ಲಿಗೆಲ್ಲ ಬರಬಾರ್ದು ಅನ್ನೋರು. ಕೇಳೀ ಕೇಳೀ ಬಿಟ್ಟೆ." ದಾಕ್ಷಾಯಣಿ ಸೆರಗಿನಿಂದ ಕೈ ಒರೆಸಿಕೊಂಡರು. "ಆಮೇಲೆ ನೀವು ಬಂದ್ರಿ. ಉಪ್ಪಿಟ್ಟು ಆಗೋಷ್ಟರಲ್ಲಿ ನಿಮ್ಮನ್ನ ಕರ್ಕೊಂಡು ಹೋಗಿ ತೋರಿಸ್ಬಿಟ್ರು."

ಗಂಗಾಧರಪ್ಪ ಎದ್ದು ತಾರಸಿಗೆ ಹೋಗಿ, ಯಾರೂ ಹೇಳದೆ, ಒಣಗಿದ ಸಂಡಿಗೆಗಳನ್ನು ಡಬ್ಬಿಗೆ ತುಂಬಿದರು. ಅರ್ಧದಷ್ಟು ಪುಡಿಯಾದವು.

ಶುಕ್ರವಾರ ಮೂವರೂ ಮಾಚೇನಹಳ್ಳಿಗೆ ಹೋದರು. ತಂದೆ ನಿಜ ಹೇಳುವುದನ್ನು ಕಣ್ಣಾರೆ ನೋಡಲು ತನುಜಾ ರಜೆ ಹಾಕಿದ್ದಳು. ಗೇಟಿಗೆ ಹೊಸ ನೀಲಿ ಬಣ್ಣ. ಒಳಗೆ ಕುಲುಮೆ ಗುಂಯ್‌ಗುಡುತ್ತಿತ್ತು. ಆ ಸದ್ದಿಗೆ ಗಂಗಾಧರಪ್ಪನವರ ಕಾಲು ತಾನಾಗಿ ಆ ಕಡೆ ತಿರುಗಿತು. ಈಗ ಬಾಯಿ ಬಿಟ್ಟರೆ ಈ ಬಾಗಿಲೂ ಮುಚ್ಚುತ್ತದೆ ಎಂದು ಅವರಿಗೆ ಗೊತ್ತಿತ್ತು. ಚಪ್ಪಲಿಯನ್ನೂ ಬಿಡದೆ ಹೇಳಿದರು:

"ವಿಶ್ವಾರಾಧ್ಯರೇ, ನಾವು ಗಂಡು ನೋಡೋಕೆ ಬಂದಿದ್ದಲ್ಲ."

"ಗೊತ್ತು ಬಿಡಿ," ಎಂದು ವಿಶ್ವಾರಾಧ್ಯ ಕಣ್ಣು ಮಿಟುಕಿಸಿದರು. "ಯಾರು ತಾನೇ ಹಂಗೆ ಹೇಳ್ಕೊಂಡು ಬರ್ತಾರೆ?"

"ನಿಜವಾಗ್ಲೂ ಅಲ್ಲ."

"ನಮ್ಮ ಅತ್ತಿಗೆ ಅಪ್ಪನೂ ಹಿಂಗೇ ಅಲ್ಲ ಅಲ್ಲ ಅಂತಿದ್ರು. ಈಗ ನೋಡಿ, ಮೊಮ್ಮಕ್ಕಳಿದಾರೆ."

"ಸಾರ್," ಎಂದಳು ತನುಜಾ, "ನಮ್ಮಪ್ಪಾಜಿ ಪ್ಲಾಸ್ಟಿಕ್ ಕೊಡ ಮಾಡೋದನ್ನೂ ಹಿಂಗೇ ಹೋಗಿ ನೋಡಿದಾರೆ. ಅಲ್ಲೂ ನನ್ನ ಕೊಟ್ಟಿಲ್ಲ."

ವಿಶ್ವಾರಾಧ್ಯರ ನಗು ನಿಧಾನವಾಗಿ ಇಳಿಯಿತು. ಜ್ಞಾನೇಶ್ ಹಿಂದೆ ತಿರುಗಿ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಅವನಿಗೂ ಆ ಬುಧವಾರದಿಂದ ನೆಮ್ಮದಿ ಇರಲಿಲ್ಲ.

"ಹಂಗಾದ್ರೆ ನಾನು ಗೇಟಿಗೆ ಬಣ್ಣ ಹೊಡೆಸಿದ್ದು? ತರೀಕೆರೆಗೆ ಕಾರು ಕಳಿಸಿದ್ದು?"

"ಗೇಟು ತುಂಬಾ ಚೆನ್ನಾಗಿ ಕಾಣ್ತಿದೆ" ಎಂದರು ಗಂಗಾಧರಪ್ಪ, ಮನಃಪೂರ್ವಕವಾಗಿ.

"ನೀವು ಹೊರಡಿ ಸ್ವಾಮಿ. ಇಲ್ಲಿ ಕೆಲಸ ಇದೆ."

"ಹೊರಡ್ತೀನಿ. ನಾನು ಎರಡು ಸಲ ನೋಡಿದೀನಿ, ನನಗೆ ಸಾಕು." ಅವರಿಗೆ ಸಾಕಾಗಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. "ಇವಳು ನ್ಯೂ ಟೌನಿನೋಳು. ಇವಳ ಅಪ್ಪ ಕುಲುಮೆ ಮುಂದೇ ನಿಂತು ಪೆನ್ಷನ್ ತಗೊಂಡೋರು. ಇವಳು ಇವತ್ತಿನವರೆಗೂ ಒಂದ್ಸಲಾನೂ ನೋಡಿಲ್ಲ. ಇವಳಿಗೆ ಮಾತ್ರ ತೋರಿಸ್ಬಿಡಿ. ನಾನು ಗೇಟಿನ ಆಚೆ ನಿಂತಿರ್ತೀನಿ."

ವಿಶ್ವಾರಾಧ್ಯ ದಾಕ್ಷಾಯಣಿಯ ಕಡೆ ತಿರುಗಿದರು. "ಯಾರ ಮಗಳು ತಾಯಿ ನೀವು?"

"ಕಲ್ಲಪ್ಪನ ಮಗಳು."

"ಸುಣ್ಣದ ಗೆರೆ ಕಲ್ಲಪ್ಪಾನಾ?" ವಿಶ್ವಾರಾಧ್ಯರ ದನಿ ಬದಲಾಯಿತು. "ಶಾಲೆಯಿಂದ ಹೋದಾಗ ನೆಲದ ಮೇಲೆ ಗೆರೆ ಎಳೆದು, ಇದನ್ನ ದಾಟಿದ್ರೆ ನಿಮ್ಮವ್ವನಿಗೆ ಬರೀ ಬೂದಿ ಕಳಿಸ್ತೀನಿ ಕಣ್ರೋ ಅನ್ನೋರು, ಅವರಾ?"

"ಅವರೇ. ಮನೇಲೂ ಹಂಗೇ ಮಾತಾಡೋರು."

"ಅಪ್ಪಾಜಿ, ಲೋಹ ರೆಡಿ," ಎಂದು ಜ್ಞಾನೇಶ್ ಒಳಗಿನಿಂದ ಕೂಗಿದ. "ಇನ್ನು ಕಾಯಲ್ಲ ಅದು."

ವಿಶ್ವಾರಾಧ್ಯ ಗೂಟದಿಂದ ಹಳದಿ ಹೆಲ್ಮೆಟ್ಟು ತೆಗೆದು ದಾಕ್ಷಾಯಣಿಗೆ ಕೊಟ್ಟರು. ತುರುಬಿನ ಮೇಲೆ ಅದು ಸರಿಯಾಗಿ ಕೂರಲಿಲ್ಲ. ತನುಜಾ ಒತ್ತಿ ಕೂರಿಸಿದಳು. ವಿಶ್ವಾರಾಧ್ಯ ಬೆಂಕಿ ನೋಡಲು ಕಣ್ಣಿಗೆ ಹಿಡಿಯುವ ಚೌಕಟ್ಟಿನ ನೀಲಿ ಗಾಜನ್ನು ಕೈಗೆ ಕೊಟ್ಟು, ಸೀಮೆಸುಣ್ಣದಿಂದ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

"ಇದನ್ನ ದಾಟಬೇಡಿ ತಾಯಿ. ಮಿಕ್ಕಿದ್ದು ನಿಮ್ಮಪ್ಪ ಹೇಳ್ತಿದ್ರು, ನಾನು ಹೇಳಲ್ಲ." ಆಮೇಲೆ ಗಂಗಾಧರಪ್ಪನವರ ಕಡೆ ಬೆರಳು ತೋರಿಸಿದರು. "ಈ ಯಜಮಾನ್ರು ಮಾತ್ರ ಆಫೀಸ್ ರೂಮಲ್ಲಿ ಕೂತಿರ್ಬೇಕು. ಕಾಫಿ ಕುಡ್ಕೊಂಡು."

ಗಂಗಾಧರಪ್ಪ ಆಫೀಸು ಕೋಣೆಯಲ್ಲಿ ಕುಳಿತರು. ಗೋಡೆಯ ಮೇಲೆ ಕಳೆದ ವರ್ಷದ ಕ್ಯಾಲೆಂಡರ್ ಇತ್ತು. ಕಿಟಕಿಯಿಂದ ಕುಲುಮೆ ಕಾಣುತ್ತಿರಲಿಲ್ಲ. ತಗಡಿನ ಗೋಡೆಯ ಒಂದು ತುಂಡು, ಅದರ ಮುಂದೆ ಹೆಂಡತಿಯ ಬೆನ್ನು, ಓರೆಯಾದ ಹೆಲ್ಮೆಟ್ಟು ಅಷ್ಟೇ. ಹೊರಗೆ ಯಾರೋ, "ಹುಷಾರು, ಬಗ್ಸು!" ಎಂದರು. ತಗಡು ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು, ಕೆಂಪು ಮೇಲಕ್ಕೆ ಹತ್ತಿ ಸೂರಿನವರೆಗೂ ಹೋಯಿತು. ಅವರು ಕುರ್ಚಿಯಿಂದ ಅರ್ಧ ಎದ್ದು ಕತ್ತು ಚಾಚಿದರು. ಅದು ಎಲ್ಲಿಂದ ಬರುತ್ತಿದೆ ಎಂಬುದು ಮಾತ್ರ ಕಾಣಲಿಲ್ಲ.

ದಾಕ್ಷಾಯಣಿ ನೀಲಿ ಗಾಜನ್ನು ಕೆಳಗಿಳಿಸಿ ಬರಿಗಣ್ಣಿನಲ್ಲಿ ನೋಡುತ್ತಿದ್ದರು. ಒಂದು ಕೈ ತನುಜಾಳ ಮೊಣಕೈ ಹಿಡಿದಿತ್ತು. ಕಾಲ ಹೆಬ್ಬೆರಳು ಗೆರೆಯ ಮೇಲಿತ್ತು.

ಸರ್ವಮಂಗಳ ಕಾಫಿ ತಂದರು. ಬಂದವರು ಯಾರಾದರೂ ಬಂದವರೇ ಎಂದು ತಂದಿದ್ದರು. ಕೋಪ ಕೋಪವೇ ಎಂದು ಸಕ್ಕರೆ ಹಾಕಿರಲಿಲ್ಲ. ಒಂದು ಲೋಟವನ್ನು ಗಂಗಾಧರಪ್ಪನವರ ಮುಂದೆ ಕುಕ್ಕಿ, ಇನ್ನೊಂದನ್ನು ಹಿಡಿದು ಬಾಗಿಲಿನಲ್ಲಿ ನಿಂತು ಕರೆದರು.

"ಬನ್ನಿ ಅಕ್ಕ, ಅಲ್ಲಿ ಝಳ. ಒಳಗೆ ಕೂತ್ಕೊಳ್ಳಿ. ಕಾಫಿ ಆರ್ತಿದೆ."

ದಾಕ್ಷಾಯಣಿ ತಿರುಗಲಿಲ್ಲ.

"ಬೇಡ."